ಸಮುದ್ರದಿಂದ ಏಳುವ ಆವಿಯನ್ನು ಉಪಗ್ರಹ ಹೇಗೆ ಅಳೆಯುತ್ತದೆ?

ಬಂಗುಡೆಪ್ರಿಯ:
ನಾನು ಮಲ್ಪೆ ಕಡೆಯವನು. ಅರಬ್ಬಿ ಸಮುದ್ರದ ಒಂದು ನಕ್ಷೆ ನೋಡಿದೆ, ದಿನಕ್ಕೆ ಎಲ್ಲೆಲ್ಲಿ ಎಷ್ಟು ಮಿಲಿಮೀಟರ್ ನೀರು ಆವಿಯಾಗುತ್ತದೆ ಅಂತ ಬಣ್ಣಬಣ್ಣವಾಗಿ ತೋರಿಸಿದ್ದಾರೆ, ಕೆಳಗೆ ‘ಉಪಗ್ರಹದ ಮಾಹಿತಿ’ ಅಂತ ಬರೆದಿದೆ. 700 ಕಿಲೋಮೀಟರ್ ಮೇಲಿಂದ ಆವಿ ಕಾಣುತ್ತಾ? ಇಲ್ಲ ಸುಮ್ನೆ ಅಂದಾಜಾ?

ಮಳೆಹುಚ್ಚ:
ಆವಿ ಏಳುವುದನ್ನು ಯಾವ ಉಪಗ್ರಹವೂ ನೇರವಾಗಿ ಅಳೆಯುವುದಿಲ್ಲ. ಹಗ್ಗದ ಮೇಲೆ ಒಣಹಾಕಿದ ಬಟ್ಟೆ ನೆನಪಿಸಿಕೊಳ್ಳಿ. ಗಾಳಿ ಇದ್ದರೆ ಬೇಗ ಒಣಗುತ್ತದೆ, ಆದರೆ ಜುಲೈನಲ್ಲಿ ಎಷ್ಟೇ ಗಾಳಿ ಬೀಸಿದರೂ ಲುಂಗಿ ಮೂರು ದಿನ ಹಸಿಹಸಿ, ಗಾಳಿಯಲ್ಲೇ ತೇವ ತುಂಬಿರುತ್ತದಲ್ಲ. ಸಮುದ್ರದ್ದೂ ಅದೇ ಲೆಕ್ಕ. ಗಾಳಿಯ ವೇಗ, ನೀರಿನ ಬಿಸಿ, ನೀರಿನ ಮೇಲಿನ ಗಾಳಿಯ ತೇವ, ಇಷ್ಟು ಗೊತ್ತಾದರೆ ಸೂತ್ರಕ್ಕೆ ಹಾಕಿ ಆವಿ ಎಷ್ಟು ಅಂತ ತೆಗೆಯುತ್ತಾರೆ.

ಗಾಳಿ ಅಳೆಯುವುದು ಸ್ಕ್ಯಾಟರೋಮೀಟರ್. ಅದು ಕೆಳಗೆ ಮೈಕ್ರೋವೇವ್ (ಒಂದು ಬಗೆಯ ರೇಡಿಯೋ ಅಲೆ) ಬಿಡುತ್ತದೆ. ಗಾಳಿ ಬೀಸಿದಾಗ ನೀರಿನ ಮೇಲೆ ಒಂದೆರಡು ಸೆಂಟಿಮೀಟರಿನ ಸಣ್ಣ ಸುಕ್ಕು ಏಳುತ್ತದೆ, ಸುಕ್ಕು ಜಾಸ್ತಿಯಾದಷ್ಟೂ ಸಿಗ್ನಲ್ ಜಾಸ್ತಿ ವಾಪಸ್ ಬರುತ್ತದೆ. ಇಸ್ರೋದ ಓಷನ್‌ಸ್ಯಾಟ್-2ರಲ್ಲಿ (2009) ಇದು ಇತ್ತು, ಆಮೇಲೆ 2016ರಲ್ಲಿ ಸ್ಕ್ಯಾಟ್‌ಸ್ಯಾಟ್-1 ಬಂತು, 2022ರ ನವೆಂಬರ್‌ನಲ್ಲಿ ಹಾರಿದ ಇಒಎಸ್-06ರಲ್ಲೂ ಇದೆ. ನೀರಿನ ಬಿಸಿ ಅಳೆಯಲು ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ ಶಾಖದ ಕಿರಣ) ಚೆನ್ನಾಗಿದೆ, ಆದರೆ ಮೋಡ ಬಂದರೆ ಕುರುಡು, ಮಳೆಗಾಲದಲ್ಲಿ ಮೈಕ್ರೋವೇವೇ ಗತಿ.

ಉಪ್ಪುಗಾಳಿ:
ಸರಿ, ಆದರೆ ತೇವದ ವಿಷಯದಲ್ಲಿ ಜಾರಿಕೊಂಡ್ರಿ ನೀವು 😀 ಗೋಳು ಇರೋದೇ ಅಲ್ಲಿ. ಉಪಗ್ರಹಕ್ಕೆ ಚೆನ್ನಾಗಿ ಸಿಗುವುದು ಕೆಳಗಿಂದ ಮೇಲಿನವರೆಗೆ ಇಡೀ ಗಾಳಿಯಲ್ಲಿರುವ ಒಟ್ಟು ತೇವ. ನಮಗೆ ಬೇಕಾದದ್ದು ತಳದ ಹತ್ತು ಮೀಟರಿನದು. ಒಟ್ಟು ತೇವದಿಂದ ತಳದ್ದನ್ನು ಊಹಿಸಬೇಕು, ನಕ್ಷೆ ತಪ್ಪುವುದು ಹೆಚ್ಚಾಗಿ ಇಲ್ಲೇ. ಆವಿಯಾಗುವ ನೀರು ಸಮುದ್ರದ ಶಾಖವನ್ನೂ ಒಯ್ಯುತ್ತದೆ, ಹಾಗಾಗಿ ದಿನಕ್ಕೆ ಒಂದು ಮಿಲಿಮೀಟರ್ ತಪ್ಪಿದರೆ ಪ್ರತಿ ಚದರ ಮೀಟರಿಗೆ ಸುಮಾರು 29 ವ್ಯಾಟ್ ಶಾಖದ ಲೆಕ್ಕ ತಪ್ಪಿದ ಹಾಗೆ.

ಅದಕ್ಕೇ ಸಮುದ್ರದಲ್ಲಿ ಲಂಗರು ಹಾಕಿ ನಿಲ್ಲಿಸಿದ ಬೋಯ್‌ಗಳ (ಅಳತೆಯ ಯಂತ್ರ ಹೊತ್ತು ತೇಲುವ ಬುರುಡೆಗಳ) ಜೊತೆ ತಾಳೆ ನೋಡುತ್ತಾರೆ. ಒಮ್ಮೆ ಅಂಥದ್ದೊಂದರ ರಿಪೇರಿಗೆ ಹಡಗಿನಲ್ಲಿ ಹೋಗಿದ್ದೆ. ತೇವದ ಸೆನ್ಸರಿಗೆ ಬಿಳೀ ಉಪ್ಪು ಕಟ್ಟಿತ್ತು, ಗಾಳಿ ಅಳೆಯೋ ಯಂತ್ರದ ಒಂದು ಬಟ್ಟಲು ಮುರಿದಿತ್ತು, ಕಂಬಕ್ಕೆ ನೀಲಿ ನೈಲಾನ್ ಹಗ್ಗ ಸುತ್ತಿತ್ತು. ಯಾರೋ ಬೋಟ್ ಕಟ್ಟಿದ್ದಾರೆ.

ಬಂಗುಡೆಪ್ರಿಯ:
ಅಯ್ಯೋ, ಆ ಹಗ್ಗ ನಮ್ಮವರದೇ ಇರಬಹುದು. ಬೋಯ್ ಅಡಿಯಲ್ಲಿ ಮೀನು ಸೇರುತ್ತದೆ ಮಾರಾಯ್ರೆ, ಕಂಡರೆ ಯಾರು ಬಿಡುತ್ತಾರೆ? ಅದು ತೇವ ಅಳೆಯುತ್ತದೆ ಅಂತ ನನಗೇ ಇವತ್ತು ಗೊತ್ತಾಗಿದ್ದು. ನಮ್ಮ ಬೋಟಿನವರಿಗೆ ಹೇಳ್ತೇನೆ.