ತೋಟದ ಗೋದಾಮಿನ ಬಿಎಸ್‌ಎ ಎಂ20: ಯುದ್ಧಕಾಲದ ರೂಪಕ್ಕೆ ತರುವುದು ಹೇಗೆ?

ಕೇಳಿದವರು, ಸಿದ್ದಾಪುರ

ತೋಟದ ಗೋದಾಮಿನಲ್ಲಿ ಒಂದು ಬಿಎಸ್‌ಎ ಎಂ20 ಇದೆ, ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆ ಓಡಿಸಿದ ಮೋಟಾರ್‌ಸೈಕಲ್ಲು. ಫ್ರೇಮ್ ನಂಬರು ಡಬ್ಲ್ಯುಎಂ20 ಎಂದು ಶುರುವಾಗುತ್ತದೆ. ಗರ್ಡರ್ ಫೋರ್ಕು (ಮುಂದಿನ ಚಕ್ರ ಹಿಡಿಯುವ ಹಳೆಯ ಕಾಲದ ಚೌಕಟ್ಟು), ಎಂಜಿನ್ನು, ಮ್ಯಾಗ್‌ಡೈನಮೊ (ಕಿಡಿ ಕೊಡುವ ಮ್ಯಾಗ್ನೆಟೊ, ಲೈಟಿನ ಡೈನಮೊ ಎರಡೂ ಸೇರಿದ್ದು) ಎಲ್ಲ ಅದರದೇ. ಆದರೆ ಮೈಗೆ ಕಪ್ಪು ಬಣ್ಣ, ಕ್ರೋಮ್ ರಿಮ್ಮು, ಬುಲೆಟ್ಟಿನ ಹೆಡ್‌ಲೈಟು ಬಂದು ಕೂತಿವೆ. ಇದನ್ನು 1942–43ರ ಸೇನಾ ರೂಪಕ್ಕೆ ತರಬೇಕು. ಯಾವ ಹಸಿರು ಹೊಡೆಸಬೇಕು? ಕೆಲಸ ಎಲ್ಲಿಂದ ಶುರು ಮಾಡಬೇಕು? ಆರ್‌ಟಿಒದಲ್ಲಿ ತಕರಾರು ಬರುತ್ತದಾ? ನಮ್ಮ ಮಳೆಗೆ ಮ್ಯಾಟ್ ಬಣ್ಣ ನಿಲ್ಲುತ್ತದಾ? ತಿಳಿದವರು ದಯವಿಟ್ಟು ಹೇಳಿ.

ಮಡಿಕೇರಿಯಿಂದ

ಅಣ್ಣಾ, ಬಣ್ಣ ಕೆರೆಯುವ ಮೊದಲು ಅದನ್ನು ಓದಿ. ಗ್ಯಾರೇಜಿಗೆ ಕೊಟ್ಟ ದಿನವೇ ಹುಡುಗರು ಪೇಂಟ್ ರಿಮೂವರ್ ಬಳಿದುಬಿಟ್ಟರೆ ಗಾಡಿಯ ಇತಿಹಾಸ ಚರಂಡಿಗೆ ಹೋದ ಹಾಗೆ. ಪೆಟ್ರೋಲ್ ಟ್ಯಾಂಕಿನ ಅಡಿ, ಆಯಿಲ್ ಟ್ಯಾಂಕಿನ ಹಿಂಬದಿ, ಟೂಲ್‌ಬಾಕ್ಸಿನ ಒಳಗೆ, ಹೆಡ್‌ಲೈಟ್ ಬ್ರಾಕೆಟ್ಟಿನ ಸಂದಿಯಲ್ಲಿ ಹಳೆಯ ಬಣ್ಣ ಉಳಿದಿರುತ್ತದೆ. ಅಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗ ಆರಿಸಿಕೊಳ್ಳಿ. 600ರ ವಾಟರ್ ಪೇಪರನ್ನು ನೀರಲ್ಲಿ ಅದ್ದಿ, ಬೆರಳ ತುದಿಯಿಂದ ಸುತ್ತಿಸುತ್ತಾ ನಡುವೆ ಕಬ್ಬಿಣ ಕಾಣುವವರೆಗೆ ಉಜ್ಜಿ, ಕೊನೆಗೆ 1000ರಲ್ಲಿ ನಯ ಮಾಡಿ. ಮರ ಕೊಯ್ದಾಗ ಕಾಣುವ ಉಂಗುರಗಳ ಹಾಗೆ ಪದರಗಳು ತೆರೆದುಕೊಳ್ಳುತ್ತವೆ. ಹೊರ ಉಂಗುರ ಈಗಿನ ಕಪ್ಪು. ನಡುವಿನ ಕಬ್ಬಿಣಕ್ಕೆ ಒತ್ತಿಕೊಂಡಿರುವ ಪ್ರೈಮರಿನ ಮೇಲಿನ ಮೊದಲ ಬಣ್ಣ ಕಾರ್ಖಾನೆಯದು. ಅದು ಒಣಗಿದ ಮೇಲೆ ಹಗಲು ಬೆಳಕಲ್ಲಿ ಫೋಟೊ ತೆಗೆದಿಡಿ. ಒದ್ದೆಯಲ್ಲಿ ಎಲ್ಲ ಬಣ್ಣವೂ ಒಂದು ಪಟ್ಟು ಗಾಢವಾಗಿ ಕಾಣುತ್ತದೆ.

ಈಗ 'ಯಾವ ಹಸಿರು' ಎಂಬ ಪ್ರಶ್ನೆ. ನಿಮ್ಮ ವರ್ಷಕ್ಕೆ ಅದು ಹಸಿರೇ ಆಗಿರಬೇಕೆಂದಿಲ್ಲ. ಬ್ರಿಟಿಷ್ ಸೇನೆ ಯುದ್ಧದ ಶುರುವಿನಲ್ಲಿ ಬಳಸಿದ್ದು ಖಾಕಿ ಗ್ರೀನ್ ನಂ. 3. ಹಸಿರು ಬಣ್ಣಕ್ಕೆ ಬೇಕಾದ ಕ್ರೋಮಿಯಂ ಆಕ್ಸೈಡ್ ಅಭಾವವಾದ್ದರಿಂದ 1942ರಲ್ಲಿ ಎಸ್‌ಸಿಸಿ 2 ಎಂಬ ಕಂದು ಬಣ್ಣಕ್ಕೆ ಬಂದರು. 1944ರ ಏಪ್ರಿಲ್‌ನಲ್ಲಿ ಎಸ್‌ಸಿಸಿ 15, ಅಂದರೆ ಆಲಿವ್ ಡ್ರ್ಯಾಬ್. ಮರುಭೂಮಿಗೆ ಹೋದವುಗಳಿಗೆ ತಿಳಿ ಮರಳಿನ ಬಣ್ಣ ಇತ್ತು. ಹಾಗಾಗಿ 1943ರ ಗಾಡಿ ಎಂದು ಹೇಳಿ ಆಲಿವ್ ಡ್ರ್ಯಾಬ್ ಹೊಡೆದರೆ ತಪ್ಪು. ಮಡಿಕೇರಿ ಸನ್ನಿಸೈಡ್‌ನ ಜನರಲ್ ತಿಮ್ಮಯ್ಯ ಮ್ಯೂಸಿಯಂ ಆವರಣದ ಟ್ಯಾಂಕು ನೋಡಿ ಬಣ್ಣ ಹೊಂದಿಸಲೂ ಬೇಡಿ, ಅದು ಸ್ವಾತಂತ್ರ್ಯದ ನಂತರದ ಸೇನೆಯದು.

ಇಲ್ಲೇ ಕಾನೂನೂ ಬರುತ್ತದೆ. ಕೇಂದ್ರ ಮೋಟಾರು ವಾಹನ ನಿಯಮ 1989ರ 121ನೇ ನಿಯಮದ ಪ್ರಕಾರ ರಕ್ಷಣಾ ಇಲಾಖೆಯ ವಾಹನ ಬಿಟ್ಟು ಬೇರೆಯವಕ್ಕೆ ಆಲಿವ್ ಗ್ರೀನ್ ಬಳಿಯುವಂತಿಲ್ಲ. ಎಸ್‌ಸಿಸಿ 2 ಸ್ಪಷ್ಟವಾಗಿ ಕಂದು. ನೆನೆದ ಕಾಫಿ ಬೀಜದ ಪುಡಿಗೆ ಒಂಚೂರು ಮಣ್ಣು ಬೆರೆಸಿದ ಹಾಗೆ ಎನ್ನಬಹುದು. ನೀವು ಕೇಳಿದ ವರ್ಷಕ್ಕೂ ಅದೇ ಸರಿ, ನಿಯಮಕ್ಕೂ ಅದೇ ಸರಿ. ಒಳಪದರದಲ್ಲಿ ಕಂದು ಸಿಕ್ಕರೆ ಎರಡನೇ ಯೋಚನೆ ಮಾಡಬೇಡಿ. ಖಾಕಿ ಗ್ರೀನ್ ಸಿಕ್ಕರೆ ಬಣ್ಣದ ಚೂರೊಂದನ್ನು ಆರ್‌ಟಿಒದಲ್ಲಿ ತೋರಿಸಿ, ಕೇಳಿಯೇ ಮುಂದುವರಿಯಿರಿ. ಯಾವ ಬಣ್ಣವಾದರೂ ಬದಲಿಸಿದ್ದು ಆರ್‌ಸಿಯಲ್ಲಿ ದಾಖಲಾಗಬೇಕು.

ಕುಶಾಲನಗರದಿಂದ, ಬಣ್ಣದ ಕೆಲಸ ಬಲ್ಲವರು

ಮೇಲಿನವರು ಹೇಳಿದ್ದಕ್ಕೆ ಸೇರಿಸಿ ಕೆಲಸದ ಕ್ರಮ ಹೇಳುತ್ತೇನೆ.

ಮೊದಲು ಗಾಡಿಯನ್ನು ಬಿಚ್ಚದೆ, ಸಿಕ್ಕ ಭಾಗಗಳನ್ನೆಲ್ಲ ಹಾಕಿ ಪೂರ್ತಿ ಜೋಡಿಸಿ ನೋಡಿ. ಪ್ಯಾನಿಯರ್ (ಹಿಂದೆ ಎರಡೂ ಬದಿ ತೂಗುವ ಚೀಲ) ಕೂರುವ ಫ್ರೇಮು, ಸ್ಟ್ಯಾಂಡು, ಹೆಡ್‌ಲೈಟ್ ಬ್ರಾಕೆಟ್ಟು ಕೂರುತ್ತವಾ, ತೂತಿಗೆ ತೂತು ಸೇರುತ್ತದಾ ಎಂಬುದು ಬಣ್ಣಕ್ಕೆ ಮೊದಲೇ ಗೊತ್ತಾಗಬೇಕು. ಬಣ್ಣ ಆದ ಮೇಲೆ ಡ್ರಿಲ್ ಹಿಡಿದರೆ ಆ ತೂತಿನಿಂದಲೇ ತುಕ್ಕು ಶುರು.

ಬ್ಲಾಸ್ಟಿಂಗಿಗೆ, ಅಂದರೆ ಮರಳು ಹೊಡೆದು ಬಣ್ಣ ಬಿಡಿಸುವುದಕ್ಕೆ, ಫ್ರೇಮು ಮತ್ತು ಫೋರ್ಕು ಮಾತ್ರ ಕೊಡಿ. ಸ್ಟೀರಿಂಗ್ ಬೇರಿಂಗಿನ ಬಟ್ಟಲು, ಬುಶ್ ಕೂರುವ ಜಾಗ, ತ್ರೆಡ್ ಇರುವ ತೂತು ಎಲ್ಲದಕ್ಕೂ ರಬ್ಬರ್ ಬಿರಡೆ ಒತ್ತಿ, ನಂಬರ್ ಕೊರೆದ ಜಾಗಕ್ಕೆ ಎರಡು ಮೂರು ಸುತ್ತು ದಪ್ಪ ಟೇಪ್ ಸುತ್ತಿಯೇ ಕಳಿಸಿ. ಫ್ರೇಮ್ ನಂಬರು ಮಾಸಿದರೆ ಆ ಗಾಡಿಗೆ ಜಾತಕವೇ ಇಲ್ಲ. ಮಡ್‌ಗಾರ್ಡ್, ಟ್ಯಾಂಕು, ಚೈನ್‌ಕೇಸ್ ತೆಳು ತಗಡು. ಜೋರಾಗಿ ಮರಳು ಹೊಡೆದರೆ ಏಟಿಗೆ ಉಬ್ಬಿಕೊಳ್ಳುತ್ತದೆ, ಮತ್ತೆ ತಟ್ಟಿ ಸರಿ ಮಾಡಲು ಆಗುವುದಿಲ್ಲ. ಅವನ್ನು ರಿಮೂವರ್ ಹಾಕಿ ಕೈಯಿಂದಲೇ ಬಿಡಿಸಿ.

ಬ್ಲಾಸ್ಟ್ ಆದ ಕಬ್ಬಿಣ ನಮ್ಮ ಹವೆಯಲ್ಲಿ ಒಂದು ರಾತ್ರಿಗೆ ಕಂದು ತಿರುಗುತ್ತದೆ. ಅದೇ ದಿನ ಎಪಾಕ್ಸಿ ಪ್ರೈಮರ್ ಬೀಳಬೇಕು. ಕೆಲಸ ಡಿಸೆಂಬರಿನಿಂದ ಫೆಬ್ರವರಿಯೊಳಗೆ ಇಟ್ಟುಕೊಳ್ಳಿ, ಅದೂ ಬೆಳಗಿನ ಮಂಜು ಹರಿದು ಬಿಸಿಲು ಏರಿದ ಮೇಲೆ. ಕಂಪ್ರೆಸರಿಗೆ ವಾಟರ್ ಟ್ರ್ಯಾಪ್ (ಗಾಳಿಯ ನೀರು ಹಿಡಿಯುವ ಸಾಧನ) ಇಲ್ಲದೆ ಹೊಡೆದರೆ ಮ್ಯಾಟ್ ಬಣ್ಣದಲ್ಲಿ ಬಿಳಿ ಮಬ್ಬು ಕೂರುತ್ತದೆ. ಹೊಳೆಯುವ ಬಣ್ಣವಾದರೆ ಪಾಲಿಶ್ ಮಾಡಿ ತೆಗೆಯಬಹುದು, ಮ್ಯಾಟ್‌ನಲ್ಲಿ ಆ ದಾರಿಯೇ ಇಲ್ಲ. ಡಬ್ಬಿಯ ತಳದಲ್ಲಿ ಕೂತ ಮ್ಯಾಟಿಂಗ್ ಪುಡಿಯನ್ನು ಚೆನ್ನಾಗಿ ಕಲಕಿ, ಇಲ್ಲದಿದ್ದರೆ ಟ್ಯಾಂಕು ಒಂದು ಹೊಳಪು, ಮಡ್‌ಗಾರ್ಡ್ ಒಂದು ಹೊಳಪು. ಇಡೀ ಗಾಡಿಗೆ ಪ್ರೈಮರ್ ಒಂದು ಲೀಟರ್, ಬಣ್ಣ ಒಂದರಿಂದ ಒಂದೂವರೆ ಲೀಟರ್ ಸಾಕು. ಅಷ್ಟನ್ನೂ ಒಂದೇ ಸಲ ಬೆರೆಸಿಸಿ, ಕಾಲು ಲೀಟರ್ ತಿದ್ದುವುದಕ್ಕೆಂದು ಮುಚ್ಚಿಡಿ. ಎರಡನೇ ಸಲ ಬೆರೆಸಿದ ಬಣ್ಣ ಹೊಂದುವುದು ಅದೃಷ್ಟ.

ಮೇಲೆ ಲ್ಯಾಕರ್ ಬೇಡ, ವ್ಯಾಕ್ಸ್ ಬೇಡ. ಮ್ಯಾಟ್ ಮೈ ಎಣ್ಣೆ ಹೀರುತ್ತದೆ, ಉಜ್ಜಿದಲ್ಲಿ ಹೊಳೆಯುತ್ತದೆ. ಸೋಪು ನೀರು, ಮೆತ್ತಗಿನ ಬಟ್ಟೆ ಸಾಕು.

ಸುಂಟಿಕೊಪ್ಪದಿಂದ

ಪೌಡರ್ ಕೋಟಿಂಗ್ (ಬಣ್ಣದ ಪುಡಿ ಹೊಡೆದು ಕಾಯಿಸುವುದು) ಮಳೆಗೆ ಗಟ್ಟಿ ಅಲ್ಲವೇ? ಫ್ರೇಮಿಗಾದರೂ ಮಾಡಿಸಬಹುದಲ್ಲ?

ಕುಶಾಲನಗರದಿಂದ

ಈ ಗಾಡಿಗೆ ಬೇಡ ಸಾರ್. ಅದು ದಪ್ಪ ಕೂರುತ್ತದೆ. ಕೊರೆದ ನಂಬರಿನ ಅಂಚು ಮುಚ್ಚಿಹೋಗುತ್ತದೆ, ಮೂಲೆಗಳು ಪ್ಲಾಸ್ಟಿಕ್ಕಿನ ಹಾಗೆ ಉರುಟಾಗುತ್ತವೆ. ಒಂದು ಕಡೆ ಚಕ್ಕೆ ಎದ್ದರೆ ನೀರು ಅಡಿಯಲ್ಲೇ ಹರಿದು ತುಕ್ಕು ಕಾಣದೆ ಹಬ್ಬುತ್ತದೆ. ಬಣ್ಣವಾದರೆ ಗೀರು ಬಿದ್ದಲ್ಲಿ ಬ್ರಶ್ಶಿನಿಂದ ತಿದ್ದಬಹುದು. ಅಂದಿನ ಸೈನಿಕರೂ ಹಾಗೇ ತಿದ್ದಿದ್ದು.

ಗೋಣಿಕೊಪ್ಪದಿಂದ

ಬಣ್ಣ ಎಷ್ಟೇ ಸರಿಯಿದ್ದರೂ ಹೊಳೆಯುವ ಒಂದು ಭಾಗ ಇಡೀ ರೂಪ ಕೆಡಿಸುತ್ತದೆ. ಯುದ್ಧಕಾಲದಲ್ಲಿ ಕ್ರೋಮ್ ಇರಲಿಲ್ಲ. ರಿಮ್ಮು, ಹಬ್ಬು, ಹ್ಯಾಂಡಲ್ಲು ಎಲ್ಲ ಮೈಬಣ್ಣವೇ. ನಟ್ಟು ಬೋಲ್ಟು ಮಂಕಾದ ಕ್ಯಾಡ್ಮಿಯಂ. ಇಲ್ಲಿ ಅದಕ್ಕೆ ಬದಲಾಗಿ ಬಿಳಿ ಜಿಂಕ್ ಮಾಡಿಸಿ, ಹಳದಿ ಜಿಂಕ್ ಬೇಡ. ಟೈಮಿಂಗ್ ಕವರಿನ ಅಲ್ಯೂಮಿನಿಯಂ ಅನ್ನು ಬಫಿಂಗಿಗೆ ಕೊಡಲೇಬೇಡಿ. ಡೀಸೆಲ್ಲು, ಗಟ್ಟಿ ಬ್ರಶ್ಶು, ಆಮೇಲೆ ಸೋಪು ನೀರು, ಅಷ್ಟೇ. ಎರಕದ ಒರಟು ಉಳಿಯಬೇಕು.

ರಬ್ಬರಿನ ವಿಷಯದಲ್ಲಿ ವರ್ಷ ನೋಡಿ. 1942ರ ಫೆಬ್ರವರಿಯಲ್ಲಿ ಸಿಂಗಪುರ ಬಿದ್ದು, ಮಲಯಾದ ರಬ್ಬರ್ ಜಪಾನಿನ ಕೈಗೆ ಹೋಯಿತು. ಅದರ ನಂತರದ ಎಂ20ಗಳಿಗೆ ಹ್ಯಾಂಡಲ್ ಹಿಡಿಗೆ ಕ್ಯಾನ್ವಾಸ್, ಫುಟ್‌ರೆಸ್ಟ್ ಬರೀ ಕಬ್ಬಿಣ, ಟ್ಯಾಂಕಿನ ಮಂಡಿ ರಬ್ಬರೂ ಇಲ್ಲ. ಕ್ಯಾನ್ವಾಸ್ ಹಿಡಿ ಮಾಡಿಸುವುದು ಸುಲಭ. ದಪ್ಪ ಹತ್ತಿ ಕ್ಯಾನ್ವಾಸನ್ನು ಟಾರ್ಪಲ್ ಹೊಲಿಯುವವರ ಬಳಿ ಒಯ್ದು, ಮೇಣದ ನೂಲಿನಲ್ಲಿ ಬಿಗಿಯಾಗಿ ಹೊಲಿಸಿ. ಹೊಲಿಗೆ ಅಂಗೈಯ ಕಡೆ ಬರಬಾರದು, ಕೆಳಗಿರಲಿ. ಪ್ಯಾನಿಯರ್ ಚೀಲವೂ ಅದೇ ಬಟ್ಟೆ, ನೈಲಾನ್ ಪಟ್ಟಿ ಬೇಡ.

ಹೆಡ್‌ಲೈಟಿಗೆ ಬ್ಲ್ಯಾಕ್‌ಔಟ್ ಮುಖವಾಡ (ಬೆಳಕು ಸೀಳಿನಲ್ಲಿ ಮಾತ್ರ ಬರುವ ಮುಚ್ಚಳ) ಬೇಕು, ಹಿಂದಿನ ಮಡ್‌ಗಾರ್ಡ್ ತುದಿಗೆ ಬಿಳಿ ಪಟ್ಟೆ ಬೇಕು. ಮುಖವಾಡ ಪ್ರದರ್ಶನಕ್ಕೆ ಮಾತ್ರ. ಸಂಪಾಜೆ ಘಾಟಿಯಲ್ಲಿ ಮಂಜು ಕವಿದಾಗ ಆ ಸೀಳಿನ ಬೆಳಕಲ್ಲಿ ಹೋಗುವುದು ಅಪಾಯ, ಒಂದು ಸ್ಕ್ರೂ ಬಿಚ್ಚಿದರೆ ಕೈಗೆ ಬರುವ ಹಾಗೆ ಕೂರಿಸಿ. ಟೈರಿನ ಚಿಂತೆ ಬೇಡ, ಹಿಂದೆ ಮುಂದೆ ಎರಡೂ 3.25–19. ಹಳೆಯ ಬುಲೆಟ್ಟಿನ ಅಳತೆಯೇ.

ಟ್ಯಾಂಕಿನ ಮೇಲೆ ಬರೆಯುವ ಸೇನಾ ಸಂಖ್ಯೆ ಮೋಟಾರ್‌ಸೈಕಲ್ಲಿಗೆ ಸಿ ಅಕ್ಷರದಿಂದ ಶುರುವಾಗುತ್ತದೆ. ಸಂಖ್ಯೆ ಕಲ್ಪಿಸಬೇಡಿ. ಪದರ ಉಜ್ಜುವಾಗ ಟ್ಯಾಂಕಿನ ಪಕ್ಕದಲ್ಲಿ ಹಳೆಯ ಬಿಳಿ ಅಂಕಿಯ ನೆರಳು ಸಿಗಬಹುದು. ಸಿಕ್ಕರೆ ಟ್ರೇಸಿಂಗ್ ಪೇಪರ್ ಇಟ್ಟು ಪೆನ್ಸಿಲ್ಲಲ್ಲಿ ತೆಗೆದುಕೊಂಡು ಅದೇ ಜಾಗಕ್ಕೆ ಬರೆಸಿ. ಸಿಗದಿದ್ದರೆ ಖಾಲಿ ಬಿಡುವುದೇ ಪ್ರಾಮಾಣಿಕ. 1944ರ ನಾರ್ಮಂಡಿಯ ಬಿಳಿ ನಕ್ಷತ್ರವನ್ನು 1942ರ ಗಾಡಿಗೆ ಅಂಟಿಸಿದರೆ ತಿಳಿದವರಿಗೆ ದೂರದಿಂದಲೇ ಗೊತ್ತಾಗುತ್ತದೆ. ಬಾಣದ ಗುರುತಿನ ಸೇನಾ ನಂಬರ್ ಪ್ಲೇಟಂತೂ ಹಾಕಲೇಬೇಡಿ, ಕೆಎ 12 ಇದ್ದರೆ ಅದೇ ಇರಲಿ.

ವಿರಾಜಪೇಟೆಯಿಂದ, ಎಂಜಿನ್ ಕೆಲಸ ಬಲ್ಲವರು

ಬೋಲ್ಟಿನ ಬಗ್ಗೆ ಯಾರೂ ಹೇಳಲಿಲ್ಲ. ಈ ಗಾಡಿಯ ಬಹುತೇಕ ತ್ರೆಡ್ಡು ಬ್ರಿಟಿಷ್ ಸೈಕಲ್ ತ್ರೆಡ್, ಇಂಚಿಗೆ 26 ಸುತ್ತು. ಐದು ಹದಿನಾರಂಶ ಇಂಚಿನ ಬೋಲ್ಟು 7.94 ಎಂಎಂ. ಅಂಗಡಿಯ 8 ಎಂಎಂ ಬೋಲ್ಟು ಅದರ ತೂತಿಗೆ ಒಂದೆರಡು ಸುತ್ತು ಹೋಗುತ್ತದೆ, ಆಮೇಲೆ ಬಿಗಿ ಎನಿಸುತ್ತದೆ. ಹುಡುಗರು 'ತುಕ್ಕು ಹಿಡಿದಿದೆ' ಎಂದು ಉದ್ದದ ಹಿಡಿ ಹಾಕಿ ತಿರುಗಿಸುತ್ತಾರೆ. ಮೆಟ್ರಿಕ್ ತ್ರೆಡ್ ಇಂಚಿಗೆ ಸುಮಾರು 20, ಹಾಗಾಗಿ ಒಳಗಿನ 26 ಪೂರಾ ಕತ್ತರಿಸಿಹೋಗುತ್ತದೆ. ಬಿಚ್ಚುವಾಗ ಪ್ರತಿ ಬೋಲ್ಟನ್ನೂ ಅದರದೇ ನಟ್ಟು ಹಾಕಿ, ಜಾಗ ಬರೆದ ಚೀಟಿಯೊಂದಿಗೆ ಡಬ್ಬಿಯಲ್ಲಿಡಿ. ಸ್ಪ್ಯಾನರ್ ವಿಟ್‌ವರ್ತ್ ಎಂಬ ಹಳೆಯ ಬ್ರಿಟಿಷ್ ಅಳತೆಯದೇ ಬೇಕು.

ಗರ್ಡರ್ ಫೋರ್ಕಿನ ಸ್ಪಿಂಡಲ್‌ಗಳನ್ನು ಬಿಗಿ ಮಾಡುವಾಗ ಗೆರೆ ಕೊರೆದ ವಾಷರುಗಳನ್ನು ನೋಡಿ. ಬೆರಳಲ್ಲಿ ತಿರುಗಿಸಿದರೆ ಅವು ತಿರುಗಬೇಕು, ಅಲ್ಲಾಡಬಾರದು. ಬೆರಳಿಗೆ ತಿರುಗದಿದ್ದರೆ ಹೆಚ್ಚು ಬಿಗಿಯಾಗಿದೆ, ಗಾಡಿ ತಿರುವಿನಲ್ಲಿ ಹ್ಯಾಂಡಲ್ ಕೇಳುವುದಿಲ್ಲ.

ಎಂಜಿನ್ನು 496 ಸಿಸಿ ಸೈಡ್ ವಾಲ್ವ್. ಟ್ಯಾಪೆಟ್ (ವಾಲ್ವ್ ಎತ್ತುವ ಕಡ್ಡಿ) ಸಂದು ತಣ್ಣಗಿರುವಾಗ ಇನ್‌ಲೆಟ್ 0.010 ಇಂಚು, ಎಗ್ಸಾಸ್ಟ್ 0.012. ಮ್ಯಾಗ್ನೆಟೊದ ಪಾಯಿಂಟ್ ಸಂದು 0.012. ಕಿಡಿಯ ಟೈಮಿಂಗ್ ಪೂರ್ತಿ ಅಡ್ವಾನ್ಸಿನಲ್ಲಿ ಪಿಸ್ಟನ್ ಮೇಲ್ತುದಿಗೆ ಏಳು ಹದಿನಾರಂಶ ಇಂಚು, ಅಂದರೆ 11 ಎಂಎಂ ಮೊದಲು. ಅಮಲ್ ಕಾರ್ಬುರೇಟರಿನ ಫ್ಲೇಂಜ್ ಯಾರೋ ಬಿಗಿದು ಬಿಗಿದು ಬಾಗಿರುವುದು ಸಾಮಾನ್ಯ. ದಪ್ಪ ಗ್ಯಾಸ್ಕೆಟ್ ಹಾಕಿದರೆ ಇನ್ನೂ ಬಾಗುತ್ತದೆ. ದಪ್ಪ ಗಾಜಿನ ಮೇಲೆ ವಾಟರ್ ಪೇಪರ್ ಹಾಸಿ, ಎಂಟರ ಆಕಾರದಲ್ಲಿ ತಿಕ್ಕಿ ಮಟ್ಟ ಮಾಡಿ.

ತಿಂಗಳುಗಟ್ಟಲೆ ನಿಂತಿದ್ದರೆ ಆಯಿಲ್ ಟ್ಯಾಂಕಿನ ಎಣ್ಣೆ ಪಂಪಿನ ಮೂಲಕ ಇಳಿದು ಕ್ರ್ಯಾಂಕ್‌ಕೇಸ್ ತುಂಬಿರುತ್ತದೆ. ಸಂಪ್ (ಎಂಜಿನ್ ತಳದಲ್ಲಿ ಎಣ್ಣೆ ನಿಲ್ಲುವ ಜಾಗ) ಬಿಚ್ಚಿ ಎಣ್ಣೆ ಬಸಿಯದೆ ಕಿಕ್ ಹೊಡೆಯಬೇಡಿ.

ಕೇಳಿದವರು

ತುಂಬಾ ಉಪಕಾರವಾಯಿತು. ಒಂದು ಅನುಮಾನ: ತಣ್ಣಗಿದ್ದಾಗ ಎರಡೇ ಕಿಕ್ಕಿಗೆ ಶುರುವಾಗುತ್ತದೆ, ಬಿಸಿಯಾಗಿ ನಿಂತರೆ ಅರ್ಧ ಗಂಟೆ ಏನು ಮಾಡಿದರೂ ಆಗುವುದಿಲ್ಲ.

ವಿರಾಜಪೇಟೆಯಿಂದ

ಮ್ಯಾಗ್ನೆಟೊದ ಆರ್ಮೇಚರ್ (ತಿರುಗುವ ಸುರುಳಿ) ಒಳಗಿನ ಕಂಡೆನ್ಸರ್ ಸೋತಿದೆ ಎಂದೇ ಮೊದಲ ಅನುಮಾನ. ಕಾರ್ಬುರೇಟರ್ ಮುಟ್ಟಬೇಡಿ. ಪಾಯಿಂಟಿನಲ್ಲಿ ಜೋರು ನೀಲಿ ಕಿಡಿ ಹಾರುತ್ತಾ ಪ್ಲಗ್ಗಿನಲ್ಲಿ ಕಿಡಿ ಸೋತಿದ್ದರೆ ಅದೇ. ರಿವೈಂಡಿಂಗ್ ಮಾಡುವವರು ಬಿಚ್ಚಿ ಹೊಸ ಕಂಡೆನ್ಸರ್ ಕೂರಿಸಬೇಕು. ಜೊತೆಗೆ ಹಳೆಯ ಅರಗಿನ ಲೇಪ ಬಿಸಿಗೆ ಕರಗಿ ಆರ್ಮೇಚರ್ ಅಂಟುತ್ತಿದೆಯೇ ಎಂದೂ ನೋಡಿಸಿ. ಸ್ಲಿಪ್ ರಿಂಗನ್ನು ಪೆಟ್ರೋಲಿನ ಬಟ್ಟೆಯಲ್ಲಿ ಒರೆಸಿ, ನಮ್ಮ ತೇವಕ್ಕೆ ಕಾರ್ಬನ್ ಪುಡಿ ಸೇರಿದರೆ ಕಿಡಿ ಅಲ್ಲೇ ಸೋರುತ್ತದೆ.

ಸೋಮವಾರಪೇಟೆಯಿಂದ

ಕಾಗದದ ಬಗ್ಗೆ: 2021ರಲ್ಲಿ ಬಂದ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ, ಮರುನೋಂದಣಿಗೆ 5,000. ಆದರೆ ಆಮೇಲೆ ಪ್ರದರ್ಶನ, ರ‍್ಯಾಲಿ, ರಿಪೇರಿಗೆಂದು ಓಡಿಸಬಹುದೇ ಹೊರತು ದಿನಬಳಕೆಗೆ ಆಗುವುದಿಲ್ಲ. ಫ್ರೇಮ್ ಕತ್ತರಿಸುವುದು, ಬೇರೆ ಎಂಜಿನ್ ಕೂರಿಸುವುದು ಮಾಡಿದರೆ ಅರ್ಹತೆಯೇ ಹೋಗುತ್ತದೆ.

ಇನ್ನು ಮಳೆಗಾಲ. ಗೊಬ್ಬರ ಇಡುವ ಗೋದಾಮಿನಿಂದ ಗಾಡಿಯನ್ನು ಮೊದಲು ಹೊರಗೆ ತನ್ನಿ. ಯೂರಿಯಾ, ಪೊಟ್ಯಾಷ್ ಹವೆಯ ತೇವ ಹೀರಿ ಕಬ್ಬಿಣ ತಿನ್ನುತ್ತವೆ. ಮೈಲುತುತ್ತ ಇನ್ನೂ ಕೆಟ್ಟದ್ದು. ಬೋರ್ಡೋ ದ್ರಾವಣ ಕಲಸುವ ಜಾಗದ ಹತ್ತಿರ ನಿಲ್ಲಿಸಿದರೆ ಸಿಡಿದ ಹನಿ ಬಿದ್ದಲ್ಲೆಲ್ಲ ಅಲ್ಯೂಮಿನಿಯಂ ಕ್ರ್ಯಾಂಕ್‌ಕೇಸ್ ಗುಳಿ ಬೀಳುತ್ತದೆ. ಪ್ಲಾಸ್ಟಿಕ್ ಟಾರ್ಪಲ್ ಹೊದಿಸಬೇಡಿ, ಒಳಗೆ ಬೆವರಿ ನೀರು ಇಳಿಯುತ್ತದೆ. ಹಳೆಯ ಹತ್ತಿ ಬೆಡ್‌ಶೀಟ್ ಸಾಕು. ಚಕ್ರದಡಿ ಹಲಗೆ ಇಡಿ. ಪ್ಯಾನಿಯರ್ ಚೀಲ ಬಿಚ್ಚಿ ಅಡುಗೆಮನೆಯ ಒಲೆಯ ಮೇಲಿನ ಅಟ್ಟಕ್ಕೆ ಹಾಕಿ, ಬೂಸ್ಟು ಹಿಡಿಯುವುದಿಲ್ಲ. ಜೂನ್ ಬರುವ ಮೊದಲು ಟ್ಯಾಂಕು, ಕಾರ್ಬುರೇಟರ್ ಎರಡರ ಪೆಟ್ರೋಲನ್ನೂ ಪೂರ್ತಿ ಬಸಿಯಿರಿ. ಈಗಿನ ಪೆಟ್ರೋಲಿನ ಎಥನಾಲ್ ನೀರು ಹೀರಿ ತಳಕ್ಕೆ ಇಳಿಯುತ್ತದೆ, ಟ್ಯಾಂಕು ಒಳಗಿನಿಂದಲೇ ತೂತಾಗುತ್ತದೆ. ಬಸಿದ ಮೇಲೆ ಕಾಲು ಲೀಟರ್ ಎಂಜಿನ್ ಆಯಿಲ್ ಹಾಕಿ, ಟ್ಯಾಂಕನ್ನು ಎಲ್ಲ ದಿಕ್ಕಿಗೂ ಹೊರಳಿಸಿ, ಮುಚ್ಚಳ ಹಾಕಿಡಿ. ಪ್ಲಗ್ ತೂತಿಗೂ ಎರಡು ಚಮಚ ಎಣ್ಣೆ ಬಿಟ್ಟು, ಹದಿನೈದು ದಿನಕ್ಕೊಮ್ಮೆ ಕಿಕ್ಕರನ್ನು ಕೈಯಿಂದ ನಿಧಾನಕ್ಕೆ ಒತ್ತಿ ಎಂಜಿನ್ ತಿರುಗಿಸಿ.