ಫ್ಲೈವೀಲ್ ಪದೇಪದೇ ಸಡಿಲವಾಗುತ್ತಿದೆ: ದಪ್ಪ ಸ್ಕ್ರೂ ಹಾಕಲೇ?

ಪ್ರಶ್ನೆ: ನಮಸ್ಕಾರ ಸರ್. ರಾಜಾಜಿನಗರದ ನಮ್ಮ ಮನೆಯ ಮಹಡಿಯಲ್ಲಿ ಪುಟ್ಟ ಲೇತ್ ಇಟ್ಟುಕೊಂಡು, ಒಂದೇ ಸಿಲಿಂಡರಿನ ಹಬೆ ಎಂಜಿನ್ನಿನ ಮಾದರಿಯೊಂದನ್ನು ಮಾಡಿದ್ದೇನೆ. 10 ಮಿ.ಮೀ. ಶಾಫ್ಟಿಗೆ 100 ಮಿ.ಮೀ. ವ್ಯಾಸದ ಬೀಡುಕಬ್ಬಿಣದ ಫ್ಲೈವೀಲನ್ನು (ಓಟವನ್ನು ಸಮವಾಗಿಡುವ ಭಾರದ ಚಕ್ರ) ಎಂ4, ಅಂದರೆ 4 ಮಿ.ಮೀ. ದಪ್ಪದ, ಗ್ರಬ್ ಸ್ಕ್ರೂವಿನಿಂದ (ತಲೆಯಿಲ್ಲದ ಸ್ಕ್ರೂ) ಬಿಗಿದಿದ್ದೇನೆ. ಕಂಪ್ರೆಸರಿನ ಗಾಳಿಯಲ್ಲಿ ಹತ್ತು ನಿಮಿಷ ಓಡುವಷ್ಟರಲ್ಲಿ ಅದು ಸಡಿಲವಾಗುತ್ತದೆ, ಓಲಾಡುತ್ತದೆ. ಎಸ್.ಪಿ. ರಸ್ತೆಯಿಂದ ಎಂ6 ಸ್ಕ್ರೂ ತಂದು ಹಾಕಲೇ?

ಉತ್ತರ: ನಮಸ್ಕಾರ. ಬೇಡ. ಸ್ಕ್ರೂ ತೆಗೆದು, ಚಕ್ರವನ್ನು ಕೈಯಿಂದ ಅಲುಗಾಡಿಸಿ ನೋಡಿ. ಅಲುಗಿದರೆ ದೋಷ ಬೋರಿನಲ್ಲಿದೆ, ಅಂದರೆ ಚಕ್ರದ ನಡುವಿನ ತೂತಿನಲ್ಲಿ. ಬೋರು 10.1 ಮಿ.ಮೀ. ಇದ್ದರೆ, ಸ್ಕ್ರೂ ಬಿಗಿದಂತೆ ಚಕ್ರ ಒಂದು ಪಕ್ಕಕ್ಕೆ ಸರಿದು, ಅಂಚಿಗೆ ಹಿಡಿದ ಡಯಲ್ ಗೇಜಿನ (ಸಣ್ಣ ಅಲುಗಾಟ ಅಳೆಯುವ ಮಾಪಕ) ಮುಳ್ಳು ಒಂದು ಸುತ್ತಿಗೆ 0.1 ಮಿ.ಮೀ. ಆಡುತ್ತದೆ. ಇದರ ಮೇಲೆ, ಪಿಸ್ಟನ್ ತಳ್ಳುವಾಗ ಶಾಫ್ಟು ಚಕ್ರವನ್ನು ಎಳೆದರೆ, ಹೊಡೆತದ ಕೊನೆಯಲ್ಲಿ ಚಕ್ರವೇ ಶಾಫ್ಟನ್ನು ಎಳೆಯುವುದರಿಂದ, ಸ್ಕ್ರೂವಿನ ತುದಿ ಹಿಂದೆಮುಂದೆ ಉಜ್ಜಿ ಶಾಫ್ಟಿನ ಮೇಲೆ ತಾನು ಒತ್ತಿದ ಗುಳಿಯನ್ನು ತಾನೇ ಅಗಲ ಮಾಡಿಕೊಳ್ಳುತ್ತದೆ. ದಪ್ಪ ಸ್ಕ್ರೂ ಹಾಕಿದರೂ ಇದು ತಪ್ಪುವುದಿಲ್ಲ.

ಬೋರನ್ನು ದೊಡ್ಡದು ಮಾಡಿ ಬುಷ್ (ಲೋಹದ ಕೊಳವೆ) ಕೂರಿಸಿ, 10 ಮಿ.ಮೀ. ರೀಮರ್ (ತೂತನ್ನು ಕರಾರುವಾಕ್ ಅಳತೆಗೆ ತರುವ ಉಪಕರಣ) ಹಾಯಿಸಿ; ಎಣ್ಣೆ ಸವರಿದ ಶಾಫ್ಟಿನ ಮೇಲೆ ಚಕ್ರ ಅಲುಗದೆ ಜಾರಬೇಕು. ಬಳಿಕ ಸ್ಕ್ರೂ ತಾಗುವಲ್ಲಿ ಶಾಫ್ಟನ್ನು ಅರದಿಂದ ತುಸು ಚಪ್ಪಟೆ ಮಾಡಿ. ದುಂಡು ಮೈಮೇಲೆ ಬಿಗಿದರೆ ಗುಳಿಯ ಸುತ್ತ ಉಗುರಿಗೆ ತಾಗುವಂಥ ಬರ್ (ಲೋಹದ ಏಣು) ಏಳುತ್ತದೆ, ಮತ್ತೆ ಚಕ್ರ ಹೊರಗೆ ಬಾರದು. ನನ್ನ ಮೊದಲ ಎಂಜಿನ್ನಿನಲ್ಲಿ ಸುತ್ತಿಗೆಯಿಂದ ಬಡಿದು ಚಕ್ರವನ್ನೇನೋ ತೆಗೆದೆ, ಶಾಫ್ಟು ಮಾತ್ರ ಬಾಗಿತ್ತು!

ನಿಮ್ಮ ಅಳತೆಗೆ 3 ಮಿ.ಮೀ. ಚೌಕದ ಕೀಯನ್ನೂ (ಶಾಫ್ಟು, ಚಕ್ರ ಎರಡರ ಗಾಡಿಯಲ್ಲೂ ಕೂರುವ ಲೋಹದ ತುಂಡು) ಹಾಕಬಹುದು. ಆದರೆ ನನ್ನ ಆಯ್ಕೆ ಸೀಳಿದ ಟೇಪರ್ ಬುಷ್ (ಒಂದು ತುದಿಗೆ ಕಿರಿದಾಗುವ ಬುಷ್): ನಟ್ಟು ಬಿಗಿದಂತೆ ಅದು ಶಾಫ್ಟನ್ನು ಸುತ್ತಲೂ ಸಮನಾಗಿ ಅಪ್ಪುತ್ತದೆ, ಗಾಯ ಮಾಡುವುದಿಲ್ಲ. ಅದರ ಹೊರಮೈಯನ್ನೂ ಚಕ್ರದ ಟೇಪರನ್ನೂ ಲೇತಿನ ಕಾಂಪೌಂಡ್ ಸ್ಲೈಡಿನ (ಉಳಿಯನ್ನು ಓರೆಯಾಗಿ ಸರಿಸುವ ಭಾಗ) ಕೋನ ಬದಲಿಸದೆ ಕೊರೆಯಿರಿ.

ಪ್ರಶ್ನೆ: ಲೋಕ್‌ಟೈಟ್ ಅಂಟು ಸಾಲದೇ ಸರ್?

ಉತ್ತರ: ಅದರಲ್ಲಿ 638 ಎಂಬ ಬಗೆ ಸಾಕಾಗುತ್ತದೆ, ಆದರೆ ಚಕ್ರವನ್ನು ಇನ್ನು ಬಿಚ್ಚುವುದಿಲ್ಲ ಎಂದಾದರೆ ಮಾತ್ರ, ಬಿಚ್ಚಬೇಕಾದರೆ ಸುಮಾರು 250 ಡಿಗ್ರಿಗೆ ಕಾಯಿಸಬೇಕಾಗುತ್ತದೆ. ಎರಡೂ ಮೈಗಳ ಎಣ್ಣೆಯನ್ನು ಅಸಿಟೋನಿನಿಂದ ತೆಗೆದು, ಹಚ್ಚಿ, ಒಂದು ದಿನ ಮುಟ್ಟದೆ ಬಿಡಿ. ಗಾಳಿ ತಾಗದ ಲೋಹದ ಸಂದಿನಲ್ಲೇ ಅದು ಗಟ್ಟಿಯಾಗುವುದರಿಂದ, ಬೇರಿಂಗಿಗೆ ಒಂದು ಹನಿ ಹರಿದರೂ ಎಂಜಿನ್ ಹಿಡಿದುಕೊಳ್ಳುತ್ತದೆ.