‘ಒಂದಕ್ಕೆ ಮೂವತ್ತೈದು’: ಅಸಲು ಸೇರಿಸಿಯೋ, ಬಿಟ್ಟೋ?

ಬಲ್ಲವರಲ್ಲಿ ಒಂದು ಪ್ರಶ್ನೆ. ರೂಲೆಟ್‌ನಲ್ಲಿ (ತಿರುಗುವ ಚಕ್ರದಲ್ಲಿ ಚೆಂಡು ಯಾವ ಸಂಖ್ಯೆಯಲ್ಲಿ ಬೀಳುತ್ತದೆ ಎಂದು ಹಣ ಕಟ್ಟುವ ಜೂಜು) ಒಂದೇ ಸಂಖ್ಯೆಯ ಮೇಲೆ ಕಟ್ಟಿ ಗೆದ್ದರೆ ‘ಒಂದಕ್ಕೆ ಮೂವತ್ತೈದು’ ಎಂದು ಕನ್ನಡದಲ್ಲಿ ಬರೆಯುತ್ತಾರೆ. ಕೈಗೆ ಬರುವುದು ಒಟ್ಟು ಮೂವತ್ತೈದೋ, ಕಟ್ಟಿದ ಒಂದನ್ನೂ ಸೇರಿಸಿ ಮೂವತ್ತಾರೋ? ಸಂಖ್ಯೆಯ ಬಣ್ಣದ ಮೇಲೆ, ಅಂದರೆ ಕೆಂಪು-ಕಪ್ಪಿಗೆ ಕಟ್ಟಿದರೆ ಮಾತ್ರ ‘ದುಪ್ಪಟ್ಟು’ ಎನ್ನುತ್ತಾರೆ. ಎರಡನ್ನೂ ಒಂದೇ ಪಟ್ಟಿಯಲ್ಲಿ ಹಾಕಿದರೆ ಲೆಕ್ಕ ಕೂಡುವುದಿಲ್ಲ. ಇನ್ನೊಂದು: ಚೆಂಡು ಬೀಳುವ ಜಾಗಕ್ಕೆ ‘ಮನೆ’ ಸರಿಯೇ?

ಉತ್ತರ:

ನಮಸ್ಕಾರ. ಅಸಲು ಬಿಟ್ಟು 35, ಸೇರಿಸಿದರೆ 36. ನೀವು ಹೇಳಿದ ಗೊಂದಲ ಸಣ್ಣದಲ್ಲ, ಲೆಕ್ಕ ಹಾಕಿ ನೋಡಿ. ಐರೋಪ್ಯ ಚಕ್ರದಲ್ಲಿ 1ರಿಂದ 36, ಜೊತೆಗೊಂದು ಸೊನ್ನೆ, ಒಟ್ಟು 37. ಪ್ರತಿಯೊಂದರ ಮೇಲೂ ನೂರು ರೂಪಾಯಿ ಇಟ್ಟರೆ 3,700 ಆಯಿತು. ಯಾವುದು ಬಂದರೂ ಗೆಲುವು 3,500, ಅಸಲು 100, ಕೈಗೆ 3,600. ನಷ್ಟ 100, ಅಂದರೆ ಶೇ. 2.70. ‘ಒಂದಕ್ಕೆ ಮೂವತ್ತೈದು’ ಅನ್ನುವುದನ್ನು ಅಸಲು ಸೇರಿಸಿ ಓದಿಕೊಂಡವರಿಗೆ ನಷ್ಟ 200, ಶೇ. 5.41. ಒಂದು ಪದ ಬಿಟ್ಟದ್ದಕ್ಕೆ ನಷ್ಟ ಸರಿಯಾಗಿ ಎರಡರಷ್ಟಾಗುತ್ತದೆ! (ಎರಡು ಸೊನ್ನೆಯಿರುವ ಅಮೆರಿಕದ ಚಕ್ರದಲ್ಲಿ ನಿಜವಾದ ನಷ್ಟವೇ ಶೇ. 5.26.)

‘ಪಟ್ಟು’, ‘ಮಡಿ’ ಎಂದಾಗ ಕನ್ನಡದ ಕಿವಿಗೆ ಒಟ್ಟು ಮೊತ್ತ ಕೇಳಿಸುತ್ತದೆ. ನೂರರ ದುಪ್ಪಟ್ಟು ಇನ್ನೂರು, ಅದರಲ್ಲಿ ಅಸಲೂ ಇದೆ. ಆದ್ದರಿಂದ ‘36 ಪಟ್ಟು’ ಅನ್ನಿ, ಇಲ್ಲವೇ ‘ಅಸಲಿನ ಮೇಲೆ 35’ ಅನ್ನಿ. ಕೆಂಪಿಗೂ ಹಾಗೆಯೇ: ‘ದುಪ್ಪಟ್ಟು’ ಅಥವಾ ‘ಅಸಲಿನ ಮೇಲೆ ಒಂದಕ್ಕೊಂದು’. ಬಡ್ಡಿ ಲೆಕ್ಕದಿಂದ ‘ಅಸಲು’ ಎಲ್ಲರಿಗೂ ಗೊತ್ತಿರುವ ಮಾತು, ಹೊಸ ಪದ ಕಟ್ಟಬೇಕಿಲ್ಲ.

ಚಕ್ರದ ಜಾಗಕ್ಕೆ ಅಳಗುಳಿಮಣೆಯ ‘ಗುಳಿ’ ಚೆನ್ನಾಗಿ ಒಪ್ಪುತ್ತದೆ. ‘ಮನೆ’ಯನ್ನು ಮೇಜಿನ ಬಟ್ಟೆಯ ಮೇಲಿನ ಚೌಕಗಳಿಗೆ ಇಟ್ಟುಕೊಳ್ಳಿ. ಈ ಭೇದ ಬೇಕೇ ಬೇಕು: 17ರ ಪಕ್ಕದ ಮನೆಗಳು 16, 18, 14, 20, ಪಕ್ಕದ ಗುಳಿಗಳು 25 ಮತ್ತು 34.

ನೀವು ಕೇಳದ ಒಂದು ಪದವನ್ನೂ ಹೇಳಿಬಿಡುತ್ತೇನೆ, ‘ಸರದಿ’. ‘ಐದು ಸಲ ಕಪ್ಪು ಬಂತು, ಇನ್ನು ಕೆಂಪಿನ ಸರದಿ’ ಎಂದು ಬರೆಯಬೇಡಿ. ಪಡಿತರ ಅಂಗಡಿಯ ಸಾಲಿನಲ್ಲಿ ಮುಂದಿನವರು ಹೋದಂತೆ ನಮ್ಮ ಸರದಿ ಹತ್ತಿರವಾಗುತ್ತದೆ, ಚಕ್ರದಲ್ಲಿ ಅಂಥ ಸಾಲೇ ಇಲ್ಲ. 37 ಗುಳಿಗಳಲ್ಲಿ 18 ಕೆಂಪು, ಹಾಗಾಗಿ ಪ್ರತಿ ಸುತ್ತಿನಲ್ಲೂ ಕೆಂಪು ಬರುವ ಸಂಭವನೀಯತೆ 18/37, ಶೇ. 48.65. 1913ರ ಆಗಸ್ಟ್ 18ರಂದು ಮೊನಾಕೊದ ಮಾಂಟೆ ಕಾರ್ಲೊ ಜೂಜುಕೇಂದ್ರದಲ್ಲಿ ಕಪ್ಪು ಸತತ 26 ಸಲ ಬಂತು. ‘ಇನ್ನಾದರೂ ಕೆಂಪು’ ಎಂದು ಕಟ್ಟುತ್ತಾ ಹೋದವರು ಹಣ ಕಳೆದುಕೊಂಡರು.

ಇಲ್ಲಿ ಕನ್ನಡದ ಕೃದಂತವೇ (‘ಬರುವ’, ‘ಬಂದ’ ಎಂಬಂಥ ರೂಪ) ನೆರವಿಗೆ ಬರುತ್ತದೆ. ‘26 ಸಲ ಕಪ್ಪು ಬರುವ’ ಸಂಭವನೀಯತೆ ಸುಮಾರು 13.7 ಕೋಟಿಯಲ್ಲಿ ಒಂದು. ‘25 ಸಲ ಬಂದ ಮೇಲೆ’ 26ನೆಯದೂ ಕಪ್ಪಾಗುವ ಸಂಭವನೀಯತೆ ಮತ್ತದೇ 18/37. ‘ಬರುವ’ ಎಂದಿರಬೇಕಾದಲ್ಲಿ ‘ಬಂದ’ ಎಂದು ಬರೆದರೆ ಬೇರೆಯೇ ಲೆಕ್ಕಕ್ಕೆ ಉತ್ತರ ಕೊಟ್ಟಂತಾಗುತ್ತದೆ.